ಬೆಕ್ಕು ಅಂದ್ರೆ ಕಕ್ಕೋದೇ ಅನ್ನೋ ಮಹಾನುಭಾವರಿಗೆ

"ಬೆಕ್ಕು ಅಂದ್ಮೇಲೆ ವಾಂತಿ ಮಾಡತ್ತೆ ಬಿಡ್ರೀ, ಅದಕ್ಕೆಲ್ಲ ಯಾರು ಡಾಕ್ಟರ್ ಹತ್ರ ಹೋಗ್ತಾರೆ?"

ಈ ಮಾತನ್ನು ಸಿಲ್ಲೋಡಿನಲ್ಲಿ ಮರಾಠಿಯಲ್ಲಿ ಕೇಳಿದ್ದೀನಿ, ಸಂಭಾಜಿನಗರದಲ್ಲಿ ಹಿಂದಿಯಲ್ಲಿ ಕೇಳಿದ್ದೀನಿ, ಊರಿನಿಂದ ಬರೋ ಫೋನಿನಲ್ಲಿ ಅಚ್ಚಗನ್ನಡದಲ್ಲೂ ಕೇಳಿದ್ದೀನಿ. ಮೂರು ಭಾಷೆಯಲ್ಲೂ ಅದು ತಪ್ಪೇ. ನಿಮ್ಮ ಮನೆ ಮಗು ವಾರಕ್ಕೆ ಮೂರು ಸಲ ಉಂಡದ್ದನ್ನೆಲ್ಲ ಕಕ್ಕಿದ್ರೆ "ಮಕ್ಕಳು ಅಂದ್ಮೇಲೆ..." ಅಂತ ಸುಮ್ಮನಿರ್ತೀರಾ? ಬೆಕ್ಕಿಗೆ ಮಾತ್ರ ಯಾಕೆ ಈ ರಿಯಾಯಿತಿ?

ಕೂದಲಿನ ವಿಷಯ ಮೊದಲು ಮುಗಿಸಿಬಿಡೋಣ. ಬೆಕ್ಕಿನ ನಾಲಿಗೆ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿವೆ. ಮೈ ನೆಕ್ಕಿಕೊಳ್ಳುವಾಗ ಉದುರಿದ ಕೂದಲು ಹೊಟ್ಟೆಗೆ ಹೋಗತ್ತೆ. ಅದರಲ್ಲಿ ಹೆಚ್ಚಿನದು ಮಲದ ಜೊತೆ ಹೊರಗೆ ಹೋಗತ್ತೆ. ಅಪರೂಪಕ್ಕೊಮ್ಮೆ ಒಂದು ಉಂಡೆ ಬಾಯಿಂದ ಬಂದು, ಬೆಕ್ಕು ಐದು ನಿಮಿಷಕ್ಕೆ ಎದ್ದು ಆಡೋಕೆ ಹೋದ್ರೆ ಗಾಬರಿ ಬೇಡ. ಆದರೆ ಪದೇ ಪದೇ ಬರ್ತಿದೆ, ಬೆಕ್ಕು ಸೊರಗ್ತಿದೆ ಅಂದ್ರೆ ಪ್ರಶ್ನೆ ಕೂದಲಿನದ್ದಲ್ಲ. ಆ ಕೂದಲನ್ನು ಮುಂದಕ್ಕೆ ಸಾಗಿಸಬೇಕಾದ ಕರುಳಿಗೆ ಏನಾಗಿದೆ ಅನ್ನೋದು ಪ್ರಶ್ನೆ.

ಅಮೆರಿಕದ ಪಶುವೈದ್ಯ ಸಂಘದ ಜರ್ನಲ್‌ನಲ್ಲಿ 2013ರಲ್ಲಿ ಗ್ಯಾರಿ ನಾರ್ಸ್‌ವರ್ದಿ ಮತ್ತು ಸಂಗಡಿಗರು 100 ಬೆಕ್ಕುಗಳ ಲೆಕ್ಕ ಕೊಟ್ಟರು. ತಿಂಗಳುಗಟ್ಟಲೆ ವಾಂತಿ, ಭೇದಿ ಅಥವಾ ತೂಕ ಇಳಿಕೆ ಇದ್ದು, ಸ್ಕ್ಯಾನಿಂಗ್‌ನಲ್ಲಿ ಸಣ್ಣಕರುಳು ದಪ್ಪಗಾಗಿ ಕಂಡ ಬೆಕ್ಕುಗಳು ಅವು. ಕರುಳಿನ ಚೂರು ತೆಗೆದು ಪರೀಕ್ಷಿಸಿದಾಗ 99ರಲ್ಲಿ ರೋಗ ಇತ್ತು. 49ಕ್ಕೆ ಕರುಳಿನ ಉರಿಯೂತ, 46ಕ್ಕೆ ಲಿಂಫೋಮಾ ಅನ್ನೋ ಕ್ಯಾನ್ಸರ್. ಇವು ಆರಿಸಿ ತೆಗೆದ ಬೆಕ್ಕುಗಳು, ಒಪ್ಪಿದೆ. ವಾಂತಿ ಮಾಡೋ ಬೆಕ್ಕಿಗೆಲ್ಲ ಕ್ಯಾನ್ಸರ್ ಅಂತ ಖಂಡಿತ ಅಲ್ಲ. ಹುಳು ಇರಬಹುದು, ಆಹಾರ ಒಗ್ಗದೇ ಇರಬಹುದು, ವಯಸ್ಸಾದ ಬೆಕ್ಕಿಗೆ ಕಿಡ್ನಿ ಅಥವಾ ಥೈರಾಯ್ಡ್ ತೊಂದರೆ ಇರಬಹುದು. ಆದರೆ "ಬೆಕ್ಕಿನ ಸ್ವಭಾವ" ಅನ್ನೋದು ಯಾವ ರೋಗದ ಹೆಸರೂ ಅಲ್ಲ.

ಈಗ ನಮ್ಮಂಥ ಊರು ಬಿಟ್ಟವರ ಮೆಚ್ಚಿನ ವಾದಕ್ಕೆ ಬರ್ತೀನಿ. "ನಮ್ಮೂರಲ್ಲಿ ಬೆಕ್ಕಿಗೆ ಯಾರು ಡಾಕ್ಟರ್ ತೋರಿಸ್ತಿದ್ರು? ಹಾಲು-ಅನ್ನ ತಿಂದು ಗಟ್ಟಿಮುಟ್ಟಾಗಿ ಇರ್ತಿರಲಿಲ್ವಾ?" ಇರ್ತಿತ್ತು, ಕಣ್ಣಿಗೆ ಕಾಣೋವರೆಗೆ. ಆಮೇಲೆ ಒಂದು ದಿನ ಕಾಣಿಸ್ತಿರಲಿಲ್ಲ. ಅಟ್ಟದ ಮೂಲೆಯಲ್ಲೋ ಹುಲ್ಲಿನ ಬಣವೆ ಹಿಂದೆಯೋ ಹೋಗಿ ಸತ್ತದ್ದನ್ನು ಯಾರೂ ನೋಡ್ತಿರಲಿಲ್ಲ. "ಎಲ್ಲೋ ಹೋಯ್ತು" ಅಂತಿದ್ವಿ, ಅಷ್ಟರಲ್ಲಿ ಇನ್ನೊಂದು ಮರಿ ಬಂದಿರ್ತಿತ್ತು. ಇದನ್ನು ಆರೋಗ್ಯ ಅಂತ ನೆನಪಿಟ್ಟುಕೊಂಡಿದ್ದೀವಿ. ಇನ್ನೊಂದು ಮಾತು. ಆ ಬೆಕ್ಕು ನಮ್ಮ ಹಾಲು-ಅನ್ನದಿಂದ ಬದುಕ್ತಿರಲಿಲ್ಲ. ಕಣಜದ ಇಲಿ, ಹಿತ್ತಿಲ ಓತಿಕ್ಯಾತ ಅದರ ನಿಜವಾದ ಊಟ. ಇಲ್ಲಿ ಎರಡು ರೂಮಿನ ಮನೆಯಲ್ಲಿ ಬಾಗಿಲು ಹಾಕಿ, ಇಲಿ ಕಿತ್ಕೊಂಡು, ಹಾಲು-ಅನ್ನ ಮಾತ್ರ ಉಳಿಸಿದ್ದೀವಿ. ಊರಿನ ನೆನಪು ಒಳ್ಳೇದೇ, ಆದ್ರೆ ಅದು ಔಷಧಿ ಅಲ್ಲ.

ಹಾಲನ್ನೇ ತಗೊಳ್ಳಿ. ಮರಿ ದೊಡ್ಡದಾಗ್ತಾ ಬಂದಂತೆ ಹಾಲಿನ ಸಕ್ಕರೆಯನ್ನು ಅರಗಿಸೋ ಶಕ್ತಿ ಬಹಳಷ್ಟು ಬೆಕ್ಕುಗಳಲ್ಲಿ ಇಳಿದುಹೋಗತ್ತೆ. ಹಾಲು ಕುಡಿದ ಮೇಲೆ ಹೊಟ್ಟೆ ಗುಡುಗುಡು, ಭೇದಿ, ಕೆಲವಕ್ಕೆ ವಾಂತಿ. ರಾಮಕೃಷ್ಣನ ಬೆಕ್ಕು ಹಾಲು ಕಂಡ್ರೆ ಓಡ್ತಿತ್ತು ಅಂತ ಕತೆ ಹೇಳಿ ನಗ್ತೀವಲ್ಲ, ಪುಣ್ಯಾತ್ಮ, ಹೊಟ್ಟೆ ಮಟ್ಟಿಗೆ ಆ ಬೆಕ್ಕೇ ಬಚಾವ್! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯತ್ತೋ ಇಲ್ವೋ, ಕಣ್ಣು ಮುಚ್ಚಿ ಹಾಲು ಕುಡಿಸ್ತಿರೋದಂತೂ ನಾವೇ.

"ನಮ್ಮನೇಲಿ ಮಾಂಸ ತರಲ್ಲ" ಅನ್ನೋರಿಗೂ ಒಂದು ಮಾತು. ನಿಮ್ಮ ಊಟ ನಿಮ್ಮಿಷ್ಟ. ಆದರೆ ಬೆಕ್ಕು ಮಾಂಸಾಹಾರಿಯಾಗೇ ಹುಟ್ಟಿದ್ದು. ಮಾಂಸದಲ್ಲಿರೋ ಟಾರಿನ್ ಅನ್ನೋ ಅಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಕಮ್ಮಿಯಾದರೆ ಬೆಕ್ಕಿನ ಹೃದಯದ ಸ್ನಾಯು ಸೋಲತ್ತೆ ಅಂತ ಕ್ಯಾಲಿಫೋರ್ನಿಯಾದ ಪಾಲ್ ಪಯಾನ್ ತಂಡ 1987ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿತ್ತು. ಕಣ್ಣೂ ಹೋಗತ್ತೆ. ಅಡುಗೆಮನೆಗೆ ಮಾಂಸ ಬೇಡ ಅಂದ್ರೆ ಬೆಕ್ಕಿಗೇ ಅಂತ ಮಾಡಿದ ಪೂರ್ಣ ಆಹಾರದ ಪ್ಯಾಕೆಟ್ ತನ್ನಿ. ಅದೂ ಆಗಲ್ಲ ಅಂದ್ರೆ ಬೆಕ್ಕು ಸಾಕಬೇಡಿ. ಮಡಿ ನಮ್ಮದು, ಉಪವಾಸ ಅದರದ್ದು. ಇದ್ಯಾವ ನ್ಯಾಯ?

ಇದಕ್ಕಿಂತ ಭಯಂಕರ ನಮ್ಮ ಮಾತ್ರೆ ಡಬ್ಬಿ. ಬೆಕ್ಕು ಮಂಕಾಗಿದೆ, ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಮುರಿದು ಬಾಯಿಗೆ ಹಾಕೋರಿದ್ದಾರೆ. ನಮ್ಮ ಪಿತ್ತಜನಕಾಂಗ ಅದನ್ನು ಕರಗಿಸಿ ಹೊರಹಾಕೋ ದಾರಿ ಬೆಕ್ಕಿನಲ್ಲಿ ಸರಿಯಾಗಿ ಇಲ್ಲವೇ ಇಲ್ಲ. ರಕ್ತ ಆಮ್ಲಜನಕ ಹೊರಲಾರದೆ, ವಸಡು ಕಂದಿ, ಮುಖ ಊದಿ ಸಾಯತ್ತೆ. 500 ಮಿ.ಗ್ರಾಂ.ನ ಒಂದೇ ಒಂದು ಮಾತ್ರೆ ಸಾಕು. ನಾಯಿಗೆ, ದನಕ್ಕೆ ಉಣ್ಣೆ ಸಾಯಲಿ ಅಂತ ಹಾಕೋ ಔಷಧಿಗಳಲ್ಲೂ ಬೆಕ್ಕಿಗೆ ವಿಷವಾಗೋವು ಬಹಳ. ಹತ್ತಿ, ಮೆಣಸಿನಕಾಯಿಗೆ ಔಷಧಿ ಹೊಡೆಯೋ ನಮ್ಮ ಸೀಮೆಯಲ್ಲಿ ಅಂಗಳ ಸುತ್ತಿ ಬಂದ ಬೆಕ್ಕು ಜೊಲ್ಲು ಸುರಿಸ್ತಾ, ನಡುಗ್ತಾ ವಾಂತಿ ಮಾಡಿದ್ರೆ ಮನೆಮದ್ದು ಹುಡುಕ್ತಾ ಕೂರಬೇಡಿ.

ಕಾಯಲೇಬಾರದ ಇನ್ನೂ ಕೆಲವು ಇವೆ. ಗಂಡು ಬೆಕ್ಕು ಮತ್ತೆ ಮತ್ತೆ ತಿಣುಕ್ತಿದೆ, ಮೂತ್ರ ಬರ್ತಿಲ್ಲ, ಜೊತೆಗೆ ವಾಂತಿ. ಇದನ್ನು ಮಲಬದ್ಧತೆ ಅಂದ್ಕೊಂಡು ಹರಳೆಣ್ಣೆ ಕುಡಿಸೋರಿದ್ದಾರೆ. ಅದು ಮೂತ್ರನಾಳ ಕಟ್ಟಿರೋದು, ಗಂಟೆಗಳ ಲೆಕ್ಕದ ಕೆಲಸ. ಸಂಕ್ರಾಂತಿ ಬಂತು ಅಂದ್ರೆ ಯೇವಲಾದಿಂದ ಇಲ್ಲಿವರೆಗೆ ಗಾಳಿಪಟದ ಹಬ್ಬ, ಓಣಿ ತುಂಬ ದಾರ. ಬೆಕ್ಕು ದಾರ ನುಂಗಿದ್ರೆ ಕರುಳು ನೆರಿಗೆ ನೆರಿಗೆಯಾಗಿ ಕತ್ತರಿಸಿಹೋಗಬಹುದು. ಬಾಯಲ್ಲೋ ಹಿಂದೆಯೋ ದಾರದ ತುದಿ ಕಂಡ್ರೆ ಎಳೀಬೇಡಿ! ಹಾಗೇ ಕರ್ಕೊಂಡು ಹೋಗಿ. ರಕ್ತ ಬಂದ್ರೆ, ನೀರೂ ನಿಲ್ಲದಿದ್ರೆ, ಲಸಿಕೆ ಆಗದ ಮರಿ ಕಕ್ಕಿ ಭೇದಿ ಮಾಡಿದ್ರೆ ಅವತ್ತೇ ಹೋಗಬೇಕು. "ಲಂಘನಂ ಪರಮೌಷಧಂ" ಅಂತ ಬೆಕ್ಕನ್ನು ಉಪವಾಸ ಕೆಡವಬೇಡಿ. ಎರಡು ಮೂರು ದಿನ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಿಗೆ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಜೀವಕ್ಕೇ ಬರತ್ತೆ.

ಹಾಗಾದ್ರೆ ಮಾಡೋದೇನು? ದುಡ್ಡು ಬೇಡದ ಕೆಲಸ ಮೊದಲು. ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಯಾವತ್ತು, ಊಟ ಆಗಿ ಎಷ್ಟು ಹೊತ್ತಿಗೆ, ಬಂದದ್ದೇನು: ಕೂದಲೋ, ಹಳದಿ ಪಿತ್ತವೋ, ಅರಗದ ಊಟವೋ. ಹೊಟ್ಟೆ ಹಿಂಡಿ ಕಕ್ಕಿತೋ, ಸುಮ್ಮನೆ ಬಾಯಿಂದ ಜಾರಿತೋ? ಎರಡೂ ಬೇರೆ ಬೇರೆ ತೊಂದರೆ. ಮೊಬೈಲಲ್ಲಿ ವಿಡಿಯೋ ಮಾಡಿ. ವಾರಕ್ಕೊಮ್ಮೆ ತೂಗಿ. ಗಬಗಬ ತಿಂದು ಕಕ್ಕೋ ಬೆಕ್ಕಿಗೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಹಾಕಿ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಸೋಕದ ಬೇಯಿಸಿದ ಕೋಳಿ, ಮೂಳೆ ತೆಗೆದು, ಒಂದೆರಡು ದಿನಕ್ಕೆ ಸರಿ. ಅದೇ ಪೂರ್ಣ ಊಟ ಅಲ್ಲ. ಆಹಾರ ಬದಲಿಸೋದಾದ್ರೆ 7ರಿಂದ 10 ದಿನ ಹಳೇದರಲ್ಲಿ ಹೊಸದು ಬೆರೆಸ್ತಾ ಬದಲಿಸಿ. ಹುಳದ ಔಷಧಿ ತೂಕ ನೋಡಿ ಡಾಕ್ಟರೇ ಕೊಡಲಿ.

ಡಾಕ್ಟರೆಲ್ಲಿ ಅಂತೀರಾ? ನ್ಯಾಯವಾದ ಪ್ರಶ್ನೆ. ತಾಲೂಕಿನ ಪಶು ಆಸ್ಪತ್ರೆಗಳು ಎತ್ತು, ಎಮ್ಮೆ, ಆಡಿನ ಲೆಕ್ಕದಲ್ಲಿ ಕಟ್ಟಿದವು. 2019ರ 20ನೇ ಜಾನುವಾರು ಗಣತಿಯಲ್ಲಿ ನಾಯಿ ಇದೆ, ಮೊಲ ಇದೆ, ಆನೆ ಕೂಡ ಇದೆ. ಬೆಕ್ಕು ಇಲ್ಲ. 2024ರ ಅಕ್ಟೋಬರಿನಲ್ಲಿ ಶುರುವಾದ 21ನೇ ಗಣತಿಯ ಪಟ್ಟಿಯಲ್ಲೂ ಇಲ್ಲ. ಎಣಿಸದ ಪ್ರಾಣಿಗೆ ಸ್ಕ್ಯಾನಿಂಗ್ ಮೆಷೀನು ಯಾರು ಕೊಡ್ತಾರೆ? ಇದನ್ನು ಕೇಳಬೇಕು, ಅರ್ಜಿ ಕೊಡಬೇಕು. ಆದರೆ ಸರ್ಕಾರ ಎಣಿಸಲಿಲ್ಲ ಅನ್ನೋದು ನಾವೂ ಎಣಿಸದೇ ಇರೋಕೆ ನೆಪ ಆಗಬಾರದು. ಊರಿನ ಪಶುವೈದ್ಯರಿಗೇ ಮೊದಲು ಕ್ಯಾಲೆಂಡರ್ ತೋರಿಸಿ. ದನದ ಡಾಕ್ಟರ್ ಅಂತ ಮೂಗು ಮುರಿಯಬೇಡಿ, ಓದುವಾಗ ಬೆಕ್ಕನ್ನೂ ಓದಿರ್ತಾರೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಬೇಕು ಅಂದ್ರೆ ಸಿಲ್ಲೋಡಿನಿಂದ ಸಂಭಾಜಿನಗರ ಸುಮಾರು 65 ಕಿ.ಮೀ. ಸೀರೆ ತರೋಕೆ ಹೋಗ್ತೀವಿ, ಮದುವೆ ಊಟಕ್ಕೆ ಹೋಗ್ತೀವಿ, ಒಂದು ಸಲ ಬುಟ್ಟಿಯಲ್ಲಿ ಬೆಕ್ಕಿಟ್ಟುಕೊಂಡು ಹೋದ್ರೆ ಮರ್ಯಾದೆ ಹೋಗತ್ತಾ?

ಹೋಗತ್ತೆ ಅನ್ನೋರು ದಯವಿಟ್ಟು ಬೆಕ್ಕು ಸಾಕಬೇಡಿ. ಸಾಕಿದ್ರೆ ಇವತ್ತೇ ಕ್ಯಾಲೆಂಡರ್ ಪಕ್ಕ ಒಂದು ಪೆನ್ನು ನೇತುಹಾಕಿ. ಏನಂತೀರಿ?