ಉಳುಕಿಗೆ ಕೈಗುಣವೊಂದೇ ಸಾಲದು

ಟೆನಿಸ್ ರ‍್ಯಾಕೆಟ್ಟನ್ನು ಬದುಕಿನಲ್ಲಿ ಒಮ್ಮೆಯೂ ಕೈಯಲ್ಲಿ ಹಿಡಿಯದ ನನಗೆ ಐವತ್ತರ ಹೊಸ್ತಿಲಲ್ಲಿ 'ಟೆನಿಸ್ ಎಲ್ಬೋ' ಬಂತು. ಬಲ ಮೊಣಕೈಯ ಹೊರಬದಿಯಲ್ಲಿ, ಮೂಳೆಯ ಉಬ್ಬು ಬೆರಳಿಗೆ ಸಿಗುವ ಜಾಗದಲ್ಲಿ ಶುರುವಾದ ನೋವು ಒಂದೆರಡು ತಿಂಗಳಲ್ಲಿ ಮುಂಗೈಯುದ್ದಕ್ಕೂ ಇಳಿಯಿತು. ಒದ್ದೆ ಬಟ್ಟೆ ಹಿಂಡುವುದಿರಲಿ, ನೀರು ತುಂಬಿದ ತಂಬಿಗೆಯನ್ನು ಎತ್ತುವುದೂ ಕಷ್ಟವಾಯಿತು. ತರಗತಿಯಲ್ಲಿ ನಾಲ್ಕು ಸಾಲು ಬರೆಯುವಷ್ಟರಲ್ಲಿ ಸೀಮೆಸುಣ್ಣ ಕೈಯಿಂದ ಜಾರುತ್ತಿತ್ತು. 2004ರಲ್ಲಿ ಸಚಿನ್ ತೆಂಡೂಲ್ಕರ್ ಅವರನ್ನು ಮೈದಾನದಿಂದ ದೂರವಿಟ್ಟು, ಮರುವರ್ಷ ಶಸ್ತ್ರಚಿಕಿತ್ಸೆಗಾಗಿ ಲಂಡನ್ನಿಗೆ ಕರೆದೊಯ್ದ ಕಾಯಿಲೆ ನನ್ನಂಥ ಸಾಮಾನ್ಯಳಿಗೂ ಬಂದಿತಲ್ಲ ಎಂದು ಮನೆಯವರು ತಮಾಷೆ ಮಾಡಿದರು. ಆದರೆ ಈ ತೊಂದರೆಗೆ ಒಳಗಾಗುವವರಲ್ಲಿ ಹೆಚ್ಚಿನವರು ಟೆನಿಸ್ ಆಡಿದವರೇ ಅಲ್ಲ. ಬಡಗಿಗಳು, ಬಣ್ಣ ಬಳಿಯುವವರು, ದಿನವಿಡೀ ಬಟ್ಟೆ ಹಿಂಡುವವರು, ಒಂದೇ ಭಂಗಿಯಲ್ಲಿ ಕೈಯನ್ನು ದುಡಿಸುವವರು ಇದರ ನಿಜವಾದ ರೋಗಿಗಳು.

ಮೊದಲು ನಾನು ಹೋದದ್ದು ನಗರದ ಆಸ್ಪತ್ರೆಯೊಂದಕ್ಕೆ. ಒಂದೂವರೆ ಗಂಟೆ ಕಾದ ಮೇಲೆ ವೈದ್ಯರ ಮೂರು ನಿಮಿಷ ದೊರೆಯಿತು. ಅವರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರೇ ಹೊರತು ನನ್ನ ಮೊಣಕೈಯನ್ನು ಮುಟ್ಟಲಿಲ್ಲ. ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟು ಕಳುಹಿಸಿದರು. ವಾರದೊಳಗೆ ನೋವು ಮಾಯವಾಯಿತು. ಮೂರನೆಯ ತಿಂಗಳಿಗೆ ಎರಡರಷ್ಟಾಗಿ ಮರಳಿತು. ಆಸ್ಪತ್ರೆಯ ಮೇಲಿನ ಮುನಿಸಿನಲ್ಲಿ ನಾನು ಹೋದದ್ದು ಊರಾಚೆಯ ಬಡಾವಣೆಯಲ್ಲಿ ಉಳುಕು ತೆಗೆಯುವ ಒಬ್ಬರ ಬಳಿಗೆ. ಅವರು ಎಣ್ಣೆ ಹಚ್ಚಿ, ಬಲವಾಗಿ ನೀವಿ, ಕೈಯನ್ನು ಒಮ್ಮೆ ಜಗ್ಗಿದರು. 'ನರ ಹತ್ತಿಕೊಂಡಿತ್ತು, ಈಗ ಬಿಟ್ಟಿತು' ಎಂದರು. ನರ ಬಿಟ್ಟಿತೋ ಇಲ್ಲವೋ ತಿಳಿಯದು. ಮುಂಗೈ ಮಾತ್ರ ಒಂದು ವಾರ ನೀಲಿಗಟ್ಟಿತ್ತು.

ಮೂರನೆಯದಾಗಿ ದೊರೆತವರು ಫಿಸಿಯೋಥೆರಪಿ ಕಲಿತ ಒಬ್ಬ ಯುವತಿ. ಆಕೆ ಒಂದೇ ಬೆರಳಿನಿಂದ ಒತ್ತುತ್ತಾ ಹೋಗಿ ನೋವಿನ ನೆಲೆಯನ್ನು ಕಂಡುಕೊಂಡರು. ಸುಮಾರು ಹತ್ತು ನಿಮಿಷ ಅದೇ ಜಾಗವನ್ನು ಅಡ್ಡಡ್ಡಲಾಗಿ ತಿಕ್ಕಿದರು. ಕೀಲನ್ನು ಒಂದು ಬದಿಗೆ ಮೆಲ್ಲಗೆ ಸರಿಸಿ ಹಿಡಿದು, ನನ್ನಿಂದ ಮುಷ್ಟಿ ಬಿಗಿಸಿದರು. ಬಳಿಕ ಅರ್ಧ ಲೀಟರಿನ ನೀರಿನ ಬಾಟಲಿಯೊಂದನ್ನು ಕೈಗಿತ್ತು, ಮೇಜಿನಂಚಿನಿಂದ ಮಣಿಕಟ್ಟನ್ನು ಹೊರಚಾಚಿ ಬಾಟಲಿಯನ್ನು ನಿಧಾನವಾಗಿ ಕೆಳಗಿಳಿಸುವುದನ್ನು ಹೇಳಿಕೊಟ್ಟರು. 'ಮೇಡಂ, ನನ್ನ ಕೈ ಹತ್ತು ನಿಮಿಷ ಕೆಲಸ ಮಾಡುತ್ತದೆ. ದಿನದ ಮಿಕ್ಕ ಹೊತ್ತೆಲ್ಲ ನಿಮ್ಮ ಕೈಯೇ ಕೆಲಸ ಮಾಡಬೇಕು' ಎಂದರು. ನಾನು ಮತ್ತೆ ಬಟ್ಟೆ ಹಿಂಡುವಂತಾಗಲು ನಾಲ್ಕು ತಿಂಗಳು ಹಿಡಿಯಿತು.

ಒಬ್ಬಳ ಅನುಭವವನ್ನು ಪುರಾವೆಯೆಂದು ಮುಂದಿಡುವುದು ಸರಿಯಲ್ಲ. ಕಾಲ ಕಳೆದಂತೆ ತಾನಾಗಿಯೇ ವಾಸಿಯಾಗಿರಲೂಬಹುದು. ಆದರೆ ಆ ಮಾತಿನ ಹಿಂದೆ ನಮ್ಮ ದೇಹದ ಒಂದು ಸತ್ಯವಿದೆ. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿಗೆ ಸ್ನಾಯುರಜ್ಜು, ಅಂದರೆ ಟೆಂಡನ್ ಎಂದು ಹೆಸರು. ಮೂಳೆಯನ್ನು ಮೂಳೆಗೆ ಕಟ್ಟುವುದು ಅಸ್ಥಿರಜ್ಜು, ಅಂದರೆ ಲಿಗಮೆಂಟ್. ಎರಡೂ ಮುಖ್ಯವಾಗಿ ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳಿಂದಾದವು. ಮಾಂಸಖಂಡಕ್ಕೆ ಹೋಲಿಸಿದರೆ ಇವಕ್ಕೆ ರಕ್ತದ ಪೂರೈಕೆ ಕಡಿಮೆ. ಆದ್ದರಿಂದಲೇ ಗಾಯ ಮಾಯುವುದೂ ನಿಧಾನ. ಮೊದಲ ಕೆಲವು ದಿನ ಬಾವು. ಮುಂದಿನ ಕೆಲವು ವಾರ ಅಡ್ಡಾದಿಡ್ಡಿಯಾಗಿ ಹೆಣೆದ ಹೊಸ ಎಳೆ. ಆಮೇಲೆ ತಿಂಗಳುಗಟ್ಟಲೆ ಆ ಎಳೆಗಳು ಒಂದೇ ದಿಕ್ಕಿಗೆ ಒರಗಿ ಗಟ್ಟಿಗೊಳ್ಳುವ ಕೆಲಸ. ಯಾವ ದಿಕ್ಕಿಗೆ, ಎಷ್ಟು ಗಟ್ಟಿಯಾಗಿ ಎಂಬುದನ್ನು ತಿಳಿಸುವುದು ಆ ಅಂಗದ ಮೇಲೆ ಹಿತಮಿತವಾಗಿ ಬೀಳುವ ಭಾರ. ಭಾರವೇ ಬೀಳದಿದ್ದರೆ ಎಳೆ ಬಲಿಯುವುದಿಲ್ಲ; ಅತಿಯಾದರೆ ಮತ್ತೆ ಹರಿಯುತ್ತದೆ.

ಹಾಗಾದರೆ ನೀವುವ ಕೈಗೆ ಇಲ್ಲಿ ಏನು ಕೆಲಸ? ಈ ಪ್ರಶ್ನೆಯನ್ನು ಆಧುನಿಕ ವೈದ್ಯದಲ್ಲಿ ಗಂಭೀರವಾಗಿ ಎತ್ತಿಕೊಂಡವರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಜೇಮ್ಸ್ ಸಿರಿಯಾಕ್ಸ್ ಪ್ರಮುಖರು. ಕಳೆದ ಶತಮಾನದ ಮಧ್ಯಭಾಗದಲ್ಲಿ ಅವರು ಸ್ನಾಯುರಜ್ಜುವಿನ ಎಳೆಗಳಿಗೆ ಅಡ್ಡವಾಗಿ, ಆಳವಾಗಿ ತಿಕ್ಕುವ ವಿಧಾನವನ್ನು ರೂಪಿಸಿ ಪ್ರಚುರಪಡಿಸಿದರು. ಅಂಟಿಕೊಂಡ ಎಳೆಗಳು ಇದರಿಂದ ಬಿಡಿಸಿಕೊಳ್ಳುತ್ತವೆ ಎಂಬುದು ಅವರ ವಾದ. ಜಗತ್ತಿನ ಫಿಸಿಯೋಥೆರಪಿ ಶಾಲೆಗಳಲ್ಲಿ ಇಂದಿಗೂ ಇದನ್ನು ಕಲಿಸುತ್ತಾರೆ. ಆದರೆ ಪುರಾವೆಗಳನ್ನು ಜಾಲಾಡಿದ ಕೊಕ್ರೇನ್ ಸಂಸ್ಥೆಯ 2014ರ ವಿಮರ್ಶೆಗೆ ಮೊಣಕೈ ಮತ್ತು ಮೊಣಕಾಲಿನ ವಿಷಯದಲ್ಲಿ ದೊರೆತದ್ದು ಎರಡೇ ಸಣ್ಣ ಪ್ರಯೋಗಗಳು; ಈ ತಿಕ್ಕುವಿಕೆಯಿಂದ ಲಾಭವಿದೆ ಎನ್ನಲು ಅವು ಸಾಲವು ಎಂದು ಅದು ಹೇಳಿತು. ಕೈಚಿಕಿತ್ಸೆಯಿಂದ ತಕ್ಷಣಕ್ಕೆ ನೋವು ತಗ್ಗುವುದು ಬಹುಮಟ್ಟಿಗೆ ನರಮಂಡಲದ ಮೂಲಕ, ಎಳೆಗಳನ್ನು ಹೊಸೆದು ಕೂಡಿಸುವುದರಿಂದಲ್ಲ ಎಂಬುದು ಇಂದಿನ ತಿಳಿವಳಿಕೆ.

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಕಣ್ತೆರೆಸುವಂತಿದೆ. ಟೆನಿಸ್ ಎಲ್ಬೋ ಇದ್ದ 198 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು, ಇನ್ನೊಂದಕ್ಕೆ ಕೈಚಿಕಿತ್ಸೆಯೊಡನೆ ವ್ಯಾಯಾಮ, ಮತ್ತೊಂದಕ್ಕೆ ತಿಳಿವಳಿಕೆ ಹೇಳಿ ಕಾಯುವ ಸಲಹೆ. ಆರನೆಯ ವಾರದಲ್ಲಿ ಚುಚ್ಚುಮದ್ದಿನವರದೇ ಗೆಲುವು. ಆದರೆ ಹಾಗೆ ಗುಣವಾದ 65 ಮಂದಿಯಲ್ಲಿ 47 ಮಂದಿಗೆ ನೋವು ಮರಳಿತು. ಕೈಚಿಕಿತ್ಸೆ ಮತ್ತು ವ್ಯಾಯಾಮದ ಗುಂಪು ಮೊದಲ ವಾರಗಳಲ್ಲಿ ಸುಮ್ಮನೆ ಕಾದವರಿಗಿಂತ ಬೇಗ ಚೇತರಿಸಿಕೊಂಡಿತು. ವರ್ಷದ ಕೊನೆಗೆ ಆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಕೈಚಿಕಿತ್ಸೆ ಪವಾಡವೂ ಅಲ್ಲ, ಬೂಟಾಟಿಕೆಯೂ ಅಲ್ಲ. ಕಷ್ಟದ ವಾರಗಳನ್ನು ಹಗುರಗೊಳಿಸಿ, ರೋಗಿ ವ್ಯಾಯಾಮಕ್ಕೆ ಮನಸ್ಸು ಮಾಡುವಂತೆ ಮಾಡುವುದು ಅದರ ಗುಣ. ದುಡುಕಿ ಸೂಜಿಗೆ ಕೈಯೊಡ್ಡುವುದನ್ನು ಅದು ತಪ್ಪಿಸಿದರೂ ಸಣ್ಣ ಉಪಕಾರವಲ್ಲ.

ವ್ಯಾಯಾಮದ ಶಕ್ತಿಗೆ ಸ್ವೀಡನ್ನಿನ ಶಸ್ತ್ರವೈದ್ಯ ಹೋಕನ್ ಆಲ್ಫ್ರೆಡ್‌ಸನ್ ಒದಗಿಸಿದ ನಿದರ್ಶನ ಪ್ರಸಿದ್ಧವಾದದ್ದು. ಹಿಮ್ಮಡಿಯ ಮೇಲಿನ ಅಕಿಲೀಸ್ ಸ್ನಾಯುರಜ್ಜುವಿನ ನೋವಿನಿಂದ ಬಳಲಿ ಶಸ್ತ್ರಚಿಕಿತ್ಸೆಗೆ ಕಾದಿದ್ದ 15 ಮಂದಿ ಓಟಗಾರರಿಂದ ಅವರು ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವ ವ್ಯಾಯಾಮವನ್ನು ದಿನಕ್ಕೆ 180 ಬಾರಿಯಂತೆ 12 ವಾರ ಮಾಡಿಸಿದರು. ಹದಿನೈದೂ ಮಂದಿ ಓಟಕ್ಕೆ ಮರಳಿದರು ಎಂದು 1998ರಲ್ಲಿ ವರದಿ ಮಾಡಿದರು. ಸಣ್ಣ ಅಧ್ಯಯನವೇನೋ ಹೌದು. ಆದರೆ ನೋಯುವ ಸ್ನಾಯುರಜ್ಜುವಿಗೆ ಬರಿಯ ವಿಶ್ರಾಂತಿಯೇ ಮದ್ದು ಎಂಬ ನಂಬಿಕೆಯನ್ನು ಅದು ಅಲ್ಲಾಡಿಸಿತು.

ನಮ್ಮಲ್ಲಿ ಉಳುಕಿಗೆ ನೀವಿಸಿಕೊಳ್ಳದ ಮನೆ ಉಂಟೇ? ಬಾಲ್ಯದಲ್ಲಿ ನನ್ನ ಪಾದ ಉಳುಕಿದಾಗ ಊರಿನ ಅಜ್ಜಿಯೊಬ್ಬರು ಹರಳೆಣ್ಣೆ ಬಿಸಿಮಾಡಿ ನೀವಿದ್ದು ಇನ್ನೂ ನೆನಪಿದೆ. ಬೆನ್ನು ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಳ್ಳುವ ನಂಬಿಕೆಯೂ ಇತ್ತು. ಇವನ್ನೆಲ್ಲ ಮೌಢ್ಯವೆಂದು ನಗುವ ಅವಸರ ನನಗಿಲ್ಲ. ಅಜ್ಜಿ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಕೂರುತ್ತಿದ್ದರು. ಎಲ್ಲಿ ನೋವು, ಹೇಗೆ ಬಿದ್ದೆ ಎಂದು ಕೇಳುತ್ತಿದ್ದರು. ನೊಂದವರನ್ನು ಮುಟ್ಟಿ ವಿಚಾರಿಸುವ ಆ ಗುಣ ಇಂದಿನ ಆಸ್ಪತ್ರೆಗಳಲ್ಲಿ ಕಾಣೆಯಾಗಿರುವುದರಿಂದಲೇ ಜನ ಮತ್ತೆ ಮತ್ತೆ ನೀವುವವರನ್ನು ಹುಡುಕಿಕೊಂಡು ಹೋಗುತ್ತಾರೆ.

ಅಪಾಯವನ್ನೂ ಮುಚ್ಚಿಡಬಾರದು. ಮುರಿದ ಮೂಳೆಯನ್ನೂ ಪೂರ್ತಿ ಹರಿದ ಸ್ನಾಯುರಜ್ಜುವನ್ನೂ ಎಷ್ಟು ನೀವಿದರೂ ಕೂಡಿಸಲಾಗದು. ಪಾದ ಹೊರಳಿದ ಮೇಲೆ ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಅಥವಾ ಹರಡಿನ ಮೂಳೆಯನ್ನೇ ಒತ್ತಿದಾಗ ನೋವಾದರೆ, ಮೊದಲು ಎಕ್ಸ್‌ರೇ ಆಗಬೇಕು. ಕೆನಡಾದ ಒಟ್ಟಾವದಲ್ಲಿ 1992ರಲ್ಲಿ ರೂಪುಗೊಂಡ ನಿಯಮಗಳ ತಿರುಳು ಇದೇ. ಹೊಸ ಗಾಯದ ಮೊದಲ ದಿನಗಳಲ್ಲಿ ಬಲವಾಗಿ ತಿಕ್ಕಿದರೆ ರಕ್ತಸ್ರಾವವೂ ಬಾವೂ ಹೆಚ್ಚುತ್ತವೆ. ಬಿದಿರುದಬ್ಬೆ ಇಟ್ಟು ಬಿಗಿದ ಕಟ್ಟು ರಕ್ತಸಂಚಾರವನ್ನೇ ತಡೆದರೆ ಕೈಕಾಲು ಕಳೆದುಕೊಳ್ಳುವ ಪ್ರಸಂಗವೂ ಬರುತ್ತದೆ. ಬೆಳೆಯುವ ಮಕ್ಕಳ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು.

ಮುಟ್ಟದೆಯೇ ಚುಚ್ಚುವ ಆಸ್ಪತ್ರೆ ಒಂದು ಕಡೆ, ತಿಳಿಯದೆಯೇ ಜಗ್ಗುವ ಕೈ ಇನ್ನೊಂದು ಕಡೆ. ಇವೆರಡರ ನಡುವೆ ಬಡ ರೋಗಿಗೆ ದಾರಿ ಕಾಣದಿರುವುದೇ ನಮ್ಮ ನಿಜವಾದ ಸಮಸ್ಯೆ. ನನಗೆ ಮೂರನೆಯ ಬಾಗಿಲು ತಟ್ಟುವಷ್ಟು ಹಣವಿತ್ತು, ಬಿಡುವಿತ್ತು. ನಮ್ಮ ಮನೆಯಲ್ಲಿ ಬಟ್ಟೆ ಒಗೆಯಲು ನೆರವಾಗುವ ಹೆಣ್ಣುಮಗಳಿಗೆ ಇದೇ ನೋವು ಬಂದರೆ, ನಾಲ್ಕು ತಿಂಗಳು ಕೈಯನ್ನು ಹದವಾಗಿ ದುಡಿಸಿಕೊಳ್ಳುವ ಸವಲತ್ತನ್ನು ಅವಳಿಗೆ ಯಾರು ಕೊಡುತ್ತಾರೆ? ಒಂದು ವಾರದ ಕೂಲಿ ಉಳಿಯುವುದಾದರೆ ಆಕೆ ಚುಚ್ಚುಮದ್ದನ್ನೇ ಆರಿಸಿಕೊಂಡಾಳು. ಅದನ್ನು ತಪ್ಪೆನ್ನುವ ಹಕ್ಕು ನಮಗಿಲ್ಲ.

ಕೇಂದ್ರ ಸರ್ಕಾರ 2021ರಲ್ಲಿ ತಂದ ಸಹವರ್ತಿ ಮತ್ತು ಆರೋಗ್ಯಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಫಿಸಿಯೋಥೆರಪಿಗೆ ಶಾಸನದ ಮಾನ್ಯತೆ ನೀಡಿತು. ಈ ವೃತ್ತಿಯವರು ತಮ್ಮ ಹೆಸರಿನ ಮುಂದೆ 'ಡಾಕ್ಟರ್' ಎಂದು ಬರೆದುಕೊಳ್ಳಬಹುದೇ ಎಂಬ ಬಗ್ಗೆ 2025ರಲ್ಲಿ ದೊಡ್ಡ ಜಗ್ಗಾಟವೂ ನಡೆಯಿತು. ಬಿರುದಿನ ಜಗಳ ಅವರಿಗಿರಲಿ; ರೋಗಿಯ ಪ್ರಶ್ನೆ ಬೇರೆ. ತರಬೇತಾದ ಒಬ್ಬರು ನನ್ನನ್ನು ಮುಟ್ಟಿ ಪರೀಕ್ಷಿಸುತ್ತಾರೆಯೇ, ವಾಸಿಯಾಗಲು ಎಷ್ಟು ಕಾಲ ಬೇಕೆಂದು ನಿಜ ಹೇಳುತ್ತಾರೆಯೇ, ಮನೆಯಲ್ಲಿ ಮಾಡಬೇಕಾದುದನ್ನು ಕಲಿಸುತ್ತಾರೆಯೇ? ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ, ನಗರದ ಪ್ರತಿ ದೊಡ್ಡ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಅಂಥವರೊಬ್ಬರು ಇರಬೇಕು. ಇದಕ್ಕೆ ಭಾರಿ ಯಂತ್ರಗಳು ಬೇಡ. ಒಂದು ಮೇಜು, ಒಂದು ಕುರ್ಚಿ, ಒಂದಷ್ಟು ತೂಕದ ಸಾಮಾನು, ರೋಗಿಯೊಬ್ಬರಿಗೆ ಇಪ್ಪತ್ತು ನಿಮಿಷದ ಪುರಸೊತ್ತು ಸಾಕು. ಊರಿನ ನೀವುವವರನ್ನೂ ಹೊರಗಟ್ಟುವುದಕ್ಕಿಂತ, ಯಾರನ್ನು ಮುಟ್ಟದೆ ಆಸ್ಪತ್ರೆಗೆ ಕಳುಹಿಸಬೇಕೆಂಬುದನ್ನು ಅವರಿಗೆ ಕಲಿಸುವುದು ಜಾಣತನ.

ವೈದ್ಯರ ಕೈಗುಣ ಚೆನ್ನಾಗಿದೆ ಎನ್ನುವುದು ನಮ್ಮಲ್ಲಿ ದೊಡ್ಡ ಹೊಗಳಿಕೆ. ಅದನ್ನು ನಾನು ಈಗಲೂ ನಂಬುತ್ತೇನೆ. ಆದರೆ ಆ ಕೈ ನೋವನ್ನು ತಗ್ಗಿಸಿ, ಉಳಿದ ಕೆಲಸವನ್ನು ನಮ್ಮ ಕೈಗೇ ಒಪ್ಪಿಸುವಂತಿರಬೇಕು. ಅರ್ಧ ಲೀಟರಿನ ಆ ಬಾಟಲಿ ಇನ್ನೂ ನನ್ನ ಮೇಜಿನ ಮೇಲಿದೆ. ದಿನಕ್ಕೊಮ್ಮೆಯಾದರೂ ಅದನ್ನು ಎತ್ತಿ ನಿಧಾನವಾಗಿ ಇಳಿಸುತ್ತೇನೆ.