ಕಡಾಣಿಯ ಲೆಕ್ಕ

2021ರ ಜುಲೈ 25ರಂದು ಟೋಕಿಯೋ ಒಲಿಂಪಿಕ್ಸ್‌ನ ಮಹಿಳೆಯರ 10 ಮೀಟರ್ ಏರ್ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲಿನ ಕಾಕಿಂಗ್ ಲಿವರ್ ಮುರಿಯಿತು. ಪ್ರತಿ ಗುಂಡಿಗೂ ಮುನ್ನ ಪಿಸ್ತೂಲನ್ನು ಸಜ್ಜುಗೊಳಿಸಲು ಎಳೆಯುವ ಪುಟ್ಟ ಸನ್ನೆ ಅದು. ಅದನ್ನು ಬದಲಿಸಿಕೊಂಡು ಬಂದು ಮತ್ತೆ ಗುರಿಯ ಮುಂದೆ ನಿಂತಾಗ ಉಳಿದಿದ್ದದ್ದು 36 ನಿಮಿಷ, ಹೊಡೆಯಬೇಕಿದ್ದದ್ದು 44 ಗುಂಡು. ಇಡೀ ಸ್ಪರ್ಧೆಗೆ ಇರುವುದು 60 ಗುಂಡು, 75 ನಿಮಿಷ. ಕೊನೆಗೆ ಬಂದದ್ದು 575 ಅಂಕ, 12ನೇ ಸ್ಥಾನ. ಎಂಟು ಜನರ ಫೈನಲ್ ಎರಡೇ ಅಂಕದಲ್ಲಿ ತಪ್ಪಿತು.

ಮುಂದಿನ ದಿನಗಳ ಚರ್ಚೆಯೆಲ್ಲ ತಪ್ಪು ಯಾರದು ಎಂಬುದರ ಸುತ್ತಲೇ ಗಿರಕಿ ಹೊಡೆಯಿತು. ತರಬೇತುದಾರರದೇ, ಸಂಸ್ಥೆಯದೇ, ಹತ್ತೊಂಬತ್ತರ ಹುಡುಗಿಯ ಮನಸ್ಥೈರ್ಯದ್ದೇ? ಒಂದು ಸಣ್ಣ ಲೋಹದ ತುಂಡು ಎಷ್ಟು ಸಲ ಎಳೆತ ತಾಳೀತು ಎಂಬ ಸಪ್ಪೆ ಪ್ರಶ್ನೆಗೆ ಟಿವಿ ಚರ್ಚೆಯಲ್ಲಿ ಜಾಗವಿರುವುದಿಲ್ಲ. ಕೇಳಬೇಕಾದದ್ದು ಅದನ್ನೇ.

ದಿನಕ್ಕೆ ನೂರು ಗುಂಡು, ವರ್ಷಕ್ಕೆ 300 ದಿನ ಅಭ್ಯಾಸ ಎಂದುಕೊಂಡರೂ ಅಂಥ ಸನ್ನೆಯೊಂದನ್ನು 30,000 ಸಲ ಎಳೆದಂತಾಯಿತು. ಗುಂಡಿಲ್ಲದೆ ಮಾಡುವ ಅಭ್ಯಾಸ ಬೇರೆ. ಒಂದೇ ಏಟಿಗೆ ಮುರಿಯದ ಲೋಹ ಸಾವಿರಾರು ಸಣ್ಣ ಎಳೆತಗಳಿಗೆ ದಣಿಯುತ್ತದೆ. ಮೂಲೆಯಲ್ಲೋ ಗೀರಿನಲ್ಲೋ ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಪ್ರತಿ ಎಳೆತಕ್ಕೂ ಕೂದಲೆಳೆಯಷ್ಟು ಬೆಳೆದು, ಒಂದು ದಿನ ತುಂಡಾಗುತ್ತದೆ. ಹಿಂದಿನ ದಿನದವರೆಗೂ ಅದು ಚೆನ್ನಾಗಿಯೇ ಕೆಲಸ ಮಾಡಿರುತ್ತದೆ. ‘ಚೆನ್ನಾಗಿಯೇ ಇತ್ತಲ್ಲ’ ಎಂಬ ಮಾತು ಹಾಗಾಗಿ ಸುಳ್ಳಲ್ಲ, ಆದರೆ ಉಪಯೋಗಕ್ಕೆ ಬಾರದ ಸತ್ಯ.

ಸ್ಪರ್ಧೆಯ ಪಿಸ್ತೂಲಿನಲ್ಲಿ ಇಂಥ ಜಾಗಗಳು ಹಲವಿವೆ. ಏರ್ ಪಿಸ್ತೂಲಿನ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ. ಅದನ್ನು ಹಿಡಿದಿಡುವುದು ಉಂಗುರಬೆರಳಿಗೂ ಸಾಲದ ರಬ್ಬರ್ ಬಳೆಗಳು, ಓ-ರಿಂಗ್‌ಗಳು. ಅವು ಒಣಗಿ ಗಡುಸಾದರೆ ಗಾಳಿ ಸೋರಿ ಗುಂಡಿನ ವೇಗ ಏರುಪೇರಾಗುತ್ತದೆ. ಹತ್ತರ ವೃತ್ತದ ವ್ಯಾಸವೇ 11.5 ಮಿಲಿಮೀಟರ್, ಅಲ್ಲಿ ಕೈ ನಡುಗಿತೋ ರಬ್ಬರ್ ಸೋತಿತೋ ಎಂದು ಹೊಡೆದವರಿಗೇ ಗೊತ್ತಾಗದು. ಇದಕ್ಕೆ ಹಚ್ಚಬೇಕಾದದ್ದು ತಯಾರಕರು ಹೇಳಿದ ಸಿಲಿಕೋನ್ ಗ್ರೀಸು, ಅದೂ ಬೆರಳ ತುದಿಯಷ್ಟು. ಮನೆಯ ಹೊಲಿಗೆ ಯಂತ್ರದ ಎಣ್ಣೆ ಬಿಡುವವರು ಇದ್ದಾರೆ. ಅದು ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಜೊತೆಗೆ ಅಷ್ಟು ಒತ್ತಡದ ಗಾಳಿಯಲ್ಲಿ ಎಣ್ಣೆ ಹೊತ್ತಿಕೊಳ್ಳುವ ಅಪಾಯವೂ ಇದೆ. ಮಳೆಗಾಲದಲ್ಲಿ ಕೈಪಂಪಿನಿಂದ ತುಂಬುವವರು ಗಾಳಿಯ ಜೊತೆ ತೇವವನ್ನೂ ತುಂಬುತ್ತಾರೆ; ಒಣಗಿಸುವ ಫಿಲ್ಟರ್ ಇಲ್ಲದಿದ್ದರೆ ಒಳಗಿನ ಕವಾಟಕ್ಕೆ ತುಕ್ಕು. ಸಿಲಿಂಡರಿಗಂತೂ ಅವಧಿಯೇ ಇದೆ. ಅದು ಮೀರದಂತೆ ನೋಡಿಕೊಳ್ಳುವ ಹೊಣೆ ಶೂಟರ್‌ನದು ಎಂದು ಅಂತರರಾಷ್ಟ್ರೀಯ ನಿಯಮಗಳೇ ಹೇಳುತ್ತವೆ.

ಟ್ರಿಗರ್ ಇನ್ನೂ ಸೂಕ್ಷ್ಮ. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕವನ್ನು ಎತ್ತಿ ತಡೆಯಬೇಕು, 25 ಮೀಟರ್ ಸ್ಪೋರ್ಟ್ಸ್ ಪಿಸ್ತೂಲಿನದು 1000 ಗ್ರಾಂ. ಒಳಗೆ ಒಂದಕ್ಕೊಂದು ಕಚ್ಚಿಕೊಂಡಿರುವ ಎರಡು ಉಕ್ಕಿನ ಅಂಚುಗಳು ಸವೆದಂತೆ ಈ ತೂಕ ಜಾರುತ್ತದೆ. ಸ್ಪರ್ಧೆ ಮುಗಿದ ಮೇಲಿನ ತಪಾಸಣೆಯಲ್ಲಿ ತೂಕ ನಿಲ್ಲದಿದ್ದರೆ ಹೊಡೆದ ಅಂಕಗಳೆಲ್ಲ ನೀರುಪಾಲು. .22 ಪಿಸ್ತೂಲಿನಲ್ಲಿ ಖಾಲಿ ಕೋಣೆಯ ಮೇಲೆ ಸುಮ್ಮನೆ ಟ್ರಿಗರ್ ಒತ್ತುತ್ತಿದ್ದರೆ ಕೆಲವು ಮಾದರಿಗಳಲ್ಲಿ ಫೈರಿಂಗ್ ಪಿನ್ನು ಉಕ್ಕಿಗೇ ಬಡಿದು ಮೊಂಡಾಗುತ್ತದೆ. ಹತ್ತಿಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ತುಂಡೊಂದನ್ನು ಗುಂಡಿನ ಜಾಗದಲ್ಲಿಟ್ಟರೆ ಆ ಕಾಟವಿಲ್ಲ.

ಇದರಲ್ಲಿ ಯಾವುದೂ ಗುಟ್ಟಲ್ಲ, ದುಬಾರಿಯೂ ಅಲ್ಲ. ಬೇಕಾದದ್ದು ಒಂದು ನೋಟ್‌ಬುಕ್: ಯಾವ ಭಾಗ ಎಂದು ಹಾಕಿದ್ದು, ಅದರ ಮೇಲೆ ಎಷ್ಟು ಗುಂಡು ಹೋಯಿತು, ಎಷ್ಟಕ್ಕೆ ಬದಲಿಸಬೇಕು. ಮುರಿಯದ ವಸ್ತುವನ್ನು ಬಿಸಾಡಲು ಮನಸ್ಸು ಒಪ್ಪುವುದಿಲ್ಲ ಎಂಬಲ್ಲಿಯೇ ಎಲ್ಲ ತೊಡಕು.

ಕನ್ನಡದಲ್ಲಿ ಈ ತೊಡಕಿಗೆ ಭಾಷೆಯದೂ ಒಂದು ಪಾಲಿದೆ. ಮುರಿದ ಮೇಲಿನ ಕೆಲಸಕ್ಕೆ ಪದಗಳು ಧಾರಾಳ: ರಿಪೇರಿ, ದುರಸ್ತಿ, ಜೀರ್ಣೋದ್ಧಾರ. ಮುರಿಯುವ ಮುಂಚಿನ ಕೆಲಸಕ್ಕೆ ಇರುವುದು ‘ನಿರ್ವಹಣೆ’ ಎಂಬ ಕಚೇರಿ ಪದ. ಅದರಲ್ಲಿ ಬ್ಯಾಂಕ್ ಖಾತೆಯೂ ಬರುತ್ತದೆ, ಮದುವೆ ಛತ್ರವೂ ಬರುತ್ತದೆ. ಇನ್ನು ‘ಸವೆಯುವುದು’ ಎಂದರೆ ಹೊಗಳಿಕೆ. ಗಂಧದ ಕೊರಡು ಸವೆಯುತ್ತದೆ, ಸಂಸಾರಕ್ಕಾಗಿ ತಾಯಿ ಸವೆಯುತ್ತಾಳೆ. ಸವೆತವನ್ನು ತ್ಯಾಗವೆಂದು ಕಂಡವರಿಗೆ ಅದನ್ನು ಲೆಕ್ಕ ಹಾಕುವುದು ಜಿಪುಣತನದಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಗಾಡಿ ಹೊಡೆಯುತ್ತಿದ್ದವರ ಕನ್ನಡ ಹಾಗಿರಲಿಲ್ಲ. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಚುಚ್ಚುವ ಮೊಳೆಗೆ ‘ಕಡಾಣಿ’ ಎಂಬ ಹೆಸರಿತ್ತು, ಅಚ್ಚಿಗೆ ಬಳಿಯಲು ‘ಕೀಲೆಣ್ಣೆ’ ಇತ್ತು. ಕೀಲೆಣ್ಣೆ ಹಬ್ಬದ ದಿನದ್ದಲ್ಲ, ದಾರಿಯುದ್ದಕ್ಕೂ ಜೊತೆಗಿರುತ್ತಿದ್ದದ್ದು. ಈಗ ಉಳಿದಿರುವುದು ಆಯುಧಪೂಜೆ. ವರ್ಷಕ್ಕೊಮ್ಮೆ ತೊಳೆದು ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟರೆ ಉಳಿದ 364 ದಿನ ದೇವರ ಮೇಲೆ ಭಾರ.

ಇದು ಬರೀ ಪದಕದ ವಿಷಯವಲ್ಲ. ದೇಶದ ಶೂಟರ್‌ಗಳು ಆಯ್ಕೆ ಸ್ಪರ್ಧೆಗೆಂದು ಬರುವ ಕರ್ಣಿ ಸಿಂಗ್ ರೇಂಜ್ ಇರುವುದು ದೆಹಲಿಯ ತುಘಲಕಾಬಾದ್‌ನಲ್ಲಿ. ಅದೇ ಊರಿನ ಇನ್ನೊಂದು ದಿಕ್ಕಿಗೆ, ಐಎಎಸ್ ಕನಸಿನ ಹುಡುಗ ಹುಡುಗಿಯರು ತುಂಬಿಕೊಂಡಿರುವ ಓಲ್ಡ್ ರಾಜಿಂದರ್ ನಗರ. 2024ರ ಜುಲೈ 27ರ ಸಂಜೆ ಸುರಿದ ಮಳೆಗೆ ಅಲ್ಲಿನ ಬೀದಿ ಕೆರೆಯಾಯಿತು. ನೀರು ಒಂದು ಕೋಚಿಂಗ್ ಕೇಂದ್ರದ ನೆಲಮಾಳಿಗೆಗೆ ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ಸಾಮಾನು ಇಡಲು, ವಾಹನ ನಿಲ್ಲಿಸಲು ಅನುಮತಿ ಇದ್ದ ಜಾಗ ಗ್ರಂಥಾಲಯವಾಗಿತ್ತು. ಆಮೇಲೆ ಜೆಸಿಬಿಗಳು ಬಂದು ಚರಂಡಿ ಮುಚ್ಚಿ ಕಟ್ಟಿದ್ದನ್ನೆಲ್ಲ ಒಡೆದವು, ನೆಲಮಾಳಿಗೆಗಳಿಗೆ ಬೀಗ ಬಿತ್ತು, ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಜೀವ ಹೋದದ್ದನ್ನು ಪದಕ ಹೋದದ್ದರ ಪಕ್ಕ ಇಟ್ಟು ತೂಗುವಂತಿಲ್ಲ. ಆದರೂ ಒಂದು ಸಾಮ್ಯ ಕಣ್ಣಿಗೆ ಚುಚ್ಚುತ್ತದೆ. ಹೂಳು ತುಂಬಿದ ಚರಂಡಿ ಪ್ರತಿ ಮಳೆಗೂ ಸ್ವಲ್ಪ ಸ್ವಲ್ಪವೇ ಸೋಲುತ್ತದೆ, ಕಟ್ಟಕಡೆಯ ಮಳೆಯ ತನಕ ‘ಚೆನ್ನಾಗಿಯೇ’ ಇರುತ್ತದೆ. ಅದನ್ನು ಎಂದು ಬಳಿದರು, ಮತ್ತೆ ಎಂದು ಬಳಿಯಬೇಕು ಎಂದು ಬರೆದಿಟ್ಟ ಹಾಳೆಯನ್ನು ಆ ಬೀದಿಯಲ್ಲಿ ಬಾಡಿಗೆ ಕಟ್ಟುವವರಿಗೆ ತೋರಿಸುವವರಿಲ್ಲ.

ಮರುದಿನವೇ, ಜುಲೈ 28ರಂದು, ಪ್ಯಾರಿಸ್ ಒಲಿಂಪಿಕ್ಸ್‌ನ ಶೂಟಿಂಗ್ ನಡೆದ ಶಾತೊರೂನಲ್ಲಿ ಮನು ಭಾಕರ್ ಅದೇ 10 ಮೀಟರ್ ಸ್ಪರ್ಧೆಯ ಕಂಚು ಗೆದ್ದರು. ಎರಡು ದಿನದ ಮೇಲೆ ಸರಬ್ಜೋತ್ ಸಿಂಗ್ ಜೊತೆ ಇನ್ನೊಂದು. ಎಲ್ಲರೂ ಅದನ್ನು ಛಲದ ಕತೆಯಾಗಿ ಹೇಳಿದರು. ಛಲ ಇದ್ದೇ ಇತ್ತು. ಆದರೆ ಆ ದಿನಗಳಲ್ಲಿ ಗುಂಡಿನಿಂದ ಗುಂಡಿಗೆ ಸುಮ್ಮನೆ ತನ್ನ ಕೆಲಸ ಮಾಡಿದ ಸನ್ನೆಯನ್ನು ಯಾರೂ ಕತೆಗೆ ಸೇರಿಸಿಕೊಳ್ಳಲಿಲ್ಲ.

ಒಲಿಂಪಿಕ್ಸ್‌ಗೆ ಹೋಗುವವರ ಸುತ್ತ ಈಗ ನೆರವಿಗೆ ಜನ ಇರುತ್ತಾರೆ. ಚಿಂತೆ ಇರುವುದು ಕೆಳಗಿನವರದು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಅಂಥವರನ್ನು ನೋಡಿ ಕ್ಲಬ್ಬಿಗೆ ಸೇರುವ ಮಕ್ಕಳು ಮೊದಲು ಹಿಡಿಯುವುದು ಕ್ಲಬ್ಬಿನ ಪಿಸ್ತೂಲನ್ನು. ಬೆಳಗ್ಗೆ ಒಬ್ಬರು, ಸಂಜೆ ಮತ್ತೊಬ್ಬರು, ಎಲ್ಲರೂ ಎಳೆಯುವ ಸನ್ನೆ ಒಂದೇ. ಬಿಡಿಭಾಗಗಳು ಯೂರೋಪಿನಿಂದ ಬರಬೇಕು, ಮುರಿದ ಮೇಲೆ ತರಿಸಿದರೆ ಆ ವರ್ಷದ ಸ್ಪರ್ಧೆ ಹೋಯಿತು. ಆದ್ದರಿಂದ ಪ್ರತಿ ಕ್ಲಬ್ಬಿನ ಬೀರುವಿನಲ್ಲಿ ಓ-ರಿಂಗ್‌ಗಳ ಒಂದು ಡಬ್ಬಿ, ಒಂದೆರಡು ಸ್ಪ್ರಿಂಗು, ಒಂದು ಲಿವರ್, 500 ಗ್ರಾಂನ ತೂಕದ ಕಲ್ಲು ಇರಲಿ. ಪ್ರತಿ ಪಿಸ್ತೂಲಿನ ಪೆಟ್ಟಿಗೆಗೆ ದಾರ ಕಟ್ಟಿದ ಇನ್ನೂರು ಪುಟದ ನೋಟ್‌ಬುಕ್ ಇರಲಿ. ಹೊಡೆದವರು ಹೊಡೆದಷ್ಟು ಬರೆಯಲಿ. ಮೊದಲ ಪುಟಕ್ಕೆ ಏನು ಬರೆಯಬೇಕೆಂದು ತೋಚದಿದ್ದರೆ ಸಿಲಿಂಡರಿನ ಮೇಲೆ ಕೊರೆದಿರುವ ತಾರೀಕನ್ನು ನೋಡಿ ಇಳಿಸಿಕೊಳ್ಳಬಹುದು.