ಖಡ್ಗಮೃಗ: ಎಣಿಕೆ ಹೆಚ್ಚಿತು, ನೆಲೆ ಹೆಚ್ಚಲಿಲ್ಲ

ನಿಮ್ಮ ಬೆರಳಿನ ಉಗುರನ್ನು ಒಮ್ಮೆ ನೋಡಿಕೊಳ್ಳಿ. ಖಡ್ಗಮೃಗದ ಮೂಗಿನ ಮೇಲಿರುವ ಕೊಂಬು ಆಗಿರುವುದು ಅದೇ ವಸ್ತುವಿನಿಂದ. ಕೆರಾಟಿನ್ ಎಂಬ ಈ ಪ್ರೋಟೀನು ನಮ್ಮ ಕೂದಲಿನಲ್ಲಿದೆ, ಕುದುರೆಯ ಗೊರಸಿನಲ್ಲಿದೆ. ದನದ ಕೊಂಬಿನೊಳಗೆ ಮೂಳೆಯ ತಿರುಳಾದರೂ ಇರುತ್ತದೆ. ಖಡ್ಗಮೃಗದ ಕೊಂಬಿನಲ್ಲಿ ಅದೂ ಇಲ್ಲ. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಹಾಗಾದ್ರೆ ಕ್ಷೌರದಂಗಡಿ ಕೂದಲನ್ನೇ ಪುಡಿ ಮಾಡಿ ಮಾರಬಹುದಲ್ವಾ ಸಾರ್?" ಎಂದು ಕೇಳಿದ. ಎಲ್ಲರೂ ನಕ್ಕರು. ರಸಾಯನಶಾಸ್ತ್ರದ ಮಟ್ಟಿಗೆ ಅವನ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ.

ಆದರೆ ಮಾರುಕಟ್ಟೆ ರಸಾಯನಶಾಸ್ತ್ರ ಓದುವುದಿಲ್ಲವಲ್ಲ! ಚೀನಾದ ಹಳೆಯ ವೈದ್ಯಪದ್ಧತಿಯಲ್ಲಿ ಈ ಕೊಂಬಿನ ಪುಡಿ ಜ್ವರಕ್ಕೆ ಮದ್ದು. ಯೆಮನ್ ದೇಶದಲ್ಲಿ ಅದು ಕಠಾರಿಯ ಹಿಡಿಯಾಗುತ್ತಿತ್ತು. ಚೀನಾ ಸರಕಾರ 1993ರಲ್ಲಿ ಇದರ ವ್ಯಾಪಾರವನ್ನು ನಿಷೇಧಿಸಿ, ಅಧಿಕೃತ ಔಷಧಗಳ ಪಟ್ಟಿಯಿಂದಲೂ ತೆಗೆದುಹಾಕಿತು. ಕಳ್ಳಪೇಟೆ ಮಾತ್ರ ನಿಲ್ಲಲಿಲ್ಲ. ಮುಂದೆ ಇದಕ್ಕೆ ದೊಡ್ಡ ಗಿರಾಕಿಯಾದ ವಿಯೆಟ್ನಾಂನಲ್ಲೇ 2010ರಲ್ಲಿ ಆ ದೇಶದ ಕಟ್ಟಕಡೆಯ ಜಾವಾ ಖಡ್ಗಮೃಗ ಸತ್ತುಬಿದ್ದಿತ್ತು. ಕಾಲಿಗೆ ಗುಂಡು ತಗುಲಿತ್ತು, ಕೊಂಬು ಇರಲಿಲ್ಲ.

ನಮ್ಮ ಅಸ್ಸಾಂ ಸರಕಾರ 2021ರ ಸೆಪ್ಟೆಂಬರ್ 22ರಂದು ಕಾಜಿರಂಗದ ಬಳಿಯ ಬೊಕಾಖಾತ್‌ನಲ್ಲಿ ಒಂದು ವಿಚಿತ್ರ ಹೋಮ ಮಾಡಿತು. ಸತ್ತ ಪ್ರಾಣಿಗಳಿಂದ ತೆಗೆದ ಮತ್ತು ಕಳ್ಳರಿಂದ ವಶಪಡಿಸಿಕೊಂಡ 2,479 ಕೊಂಬುಗಳನ್ನು ಬೆಂಕಿಗೆ ಹಾಕಿ ಸುಟ್ಟಿತು. ಖಜಾನೆಯಲ್ಲಿ ಬೀಗ ಹಾಕಿ ಇಟ್ಟಷ್ಟು ದಿನವೂ ಅದಕ್ಕೊಂದು ಬೆಲೆ ಇದೆಯೆಂದು ಸರಕಾರವೇ ಒಪ್ಪಿಕೊಂಡಂತೆ. ಸುಟ್ಟದ್ದು ಸರಿಯೆಂದೇ ನನ್ನ ಎಣಿಕೆ.

ಒಂದು ಕಾಲಕ್ಕೆ ಒಂಟಿಕೊಂಬಿನ ಈ ಪ್ರಾಣಿ ಸಿಂಧೂ ನದಿಯಿಂದ ಬ್ರಹ್ಮಪುತ್ರದವರೆಗೆ ಹರಡಿತ್ತು. ಸಿಂಧೂ ಕಣಿವೆಯ ಮುದ್ರೆಗಳಲ್ಲಿ ಅದರ ಚಿತ್ರವಿದೆ. ಪೆಷಾವರದ ಸುತ್ತಮುತ್ತ ಅದನ್ನು ಬೇಟೆಯಾಡಿದ್ದನ್ನು ಬಾಬರ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆಮೇಲೆ ಬಂದೂಕು ಬಂತು, ಹುಲ್ಲುಗಾವಲು ಗದ್ದೆಯಾಯಿತು, ಚಹಾ ತೋಟವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಜಿರಂಗದಲ್ಲಿ ಉಳಿದವು ಕೆಲವೇ ಕೆಲವು. 1908ರಲ್ಲಿ ಅದು ಮೀಸಲು ಅರಣ್ಯವಾಯಿತು, 1974ರಲ್ಲಿ ರಾಷ್ಟ್ರೀಯ ಉದ್ಯಾನ. 1966ರ ಗಣತಿಯಲ್ಲಿ 366 ಇದ್ದದ್ದು 2022ರಲ್ಲಿ 2,613 ಆಗಿತ್ತು. ಹದಿನಾರು ತಿಂಗಳು ಹೊತ್ತು ಒಂದೇ ಒಂದು ಮರಿ ಹಾಕಿ, ಮುಂದಿನದಕ್ಕೆ ಮೂರು ವರ್ಷವಾದರೂ ಕಾಯುವ ಪ್ರಾಣಿಗೆ ಇದು ಸಣ್ಣ ಏರಿಕೆಯಲ್ಲ. ಜಗತ್ತಿನಲ್ಲಿ ವನ್ಯಜೀವಿ ರಕ್ಷಣೆಯ ಮಾತು ಬಂದಾಗ ನಾವು ಎದೆ ತಟ್ಟಿ ಹೇಳಿಕೊಳ್ಳಬಹುದಾದ ಕೆಲವೇ ಸಂಗತಿಗಳಲ್ಲಿ ಇದೂ ಒಂದು.

ಈಗ ಇನ್ನೊಂದು ಲೆಕ್ಕ ನೋಡೋಣ. 2022ರಲ್ಲಿ ಇಡೀ ಅಸ್ಸಾಮಿನ ಖಡ್ಗಮೃಗಗಳು 2,895. ಅಂದರೆ ನೂರಕ್ಕೆ ತೊಂಬತ್ತು ಕಾಜಿರಂಗ ಒಂದರಲ್ಲೇ! ನೇಪಾಳದ 752ನ್ನೂ ಸೇರಿಸಿಕೊಂಡರೆ ಪ್ರಪಂಚದಲ್ಲಿ ಈ ಜಾತಿಯವು ನಾಲ್ಕು ಸಾವಿರದ ಆಸುಪಾಸು. ಅದರಲ್ಲೂ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಇದೊಂದೇ ಕಾಡಿನವು. ಊರಿನ ಬಿತ್ತನೆ ಬೀಜವನ್ನೆಲ್ಲ ಒಂದೇ ಕಣಜದಲ್ಲಿ ತುಂಬಿಟ್ಟ ಹಾಗೆ. ಕಣಜಕ್ಕೆ ನೀರು ನುಗ್ಗಿದರೆ?

ಕಾಜಿರಂಗಕ್ಕೆ ನೀರು ನುಗ್ಗುತ್ತಲೇ ಇರುತ್ತದೆ. ಬ್ರಹ್ಮಪುತ್ರದ ಪ್ರವಾಹ ಅಲ್ಲಿನ ಕೆರೆಕುಂಟೆಗಳನ್ನು ತೊಳೆದು, ಮೆಕ್ಕಲುಮಣ್ಣು ಹಾಸಿ, ಹೊಸ ಹುಲ್ಲು ಚಿಗುರಿಸುತ್ತದೆ. ಪ್ರವಾಹವಿಲ್ಲದೆ ಆ ಕಾಡಿಲ್ಲ. ಆದರೆ ನೀರು ಅತಿಯಾದಾಗ ಪ್ರಾಣಿಗಳು ಹೆದ್ದಾರಿ ದಾಟಿ ಕಾರ್ಬಿ ಆಂಗ್ಲಾಂಗ್ ಬೆಟ್ಟಗಳತ್ತ ಓಡಬೇಕು. ಅಲ್ಲಿ ಲಾರಿ, ಈಚೆ ಕಳ್ಳಬೇಟೆಗಾರ. 2017ರ ಪ್ರವಾಹದಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ನೀರು ಬಂದಾಗ ಪ್ರಾಣಿಗಳು ಹತ್ತಿ ನಿಲ್ಲಲೆಂದು ಉದ್ಯಾನದೊಳಗೆ ಮಣ್ಣಿನ ದಿಬ್ಬಗಳನ್ನು ಎಬ್ಬಿಸಿದ್ದಾರೆ.

ಬೇಟೆಗಾರನಿಗೆ ಈ ಪ್ರಾಣಿ ಸುಲಭದ ತುತ್ತು. ಅದಕ್ಕೆ ಒಂದೇ ಜಾಗದಲ್ಲಿ ಮತ್ತೆಮತ್ತೆ ಲದ್ದಿ ಹಾಕುವ ಚಾಳಿ. ರಾಶಿ ಕಂಡರೆ ಅಲ್ಲೇ ಹೊಂಚು ಹಾಕಿ ಕುಳಿತರಾಯಿತು. 1983ರ ಗಲಭೆಯ ಕಾಲದಲ್ಲಿ ಲಾವೋಖೋವಾ ಅಭಯಾರಣ್ಯದಲ್ಲಿದ್ದ ನಲವತ್ತಕ್ಕೂ ಹೆಚ್ಚು ಖಡ್ಗಮೃಗಗಳನ್ನು ಕೊಂದು ಮುಗಿಸಿದರು. ಭೂತಾನದ ಗಡಿಯ ಮಾನಸದಲ್ಲಿ ಸುಮಾರು ನೂರು ಇದ್ದವು. ಬಂಡಾಯದ ವರ್ಷಗಳಲ್ಲಿ, 1990ರ ದಶಕ ಮುಗಿಯುವಷ್ಟರಲ್ಲಿ, ಒಂದೂ ಉಳಿಯಲಿಲ್ಲ. ಮಾನಸಕ್ಕೂ ವಿಶ್ವ ಪರಂಪರೆಯ ತಾಣವೆಂಬ ಬಿರುದಿತ್ತು. ಕಾವಲುಗಾರ ಓಡಿಹೋದ ಮೇಲೆ ಬಿರುದು ಏನು ಮಾಡೀತು?

ಕಾಜಿರಂಗ ಉಳಿದದ್ದು ಕಾವಲಿನಿಂದ. 2013ರಲ್ಲಿ, ಮತ್ತೆ 2014ರಲ್ಲಿ, ಅಸ್ಸಾಮಿನಲ್ಲಿ ವರ್ಷಕ್ಕೆ 27ರಂತೆ ಖಡ್ಗಮೃಗಗಳು ಬೇಟೆಗೆ ಬಲಿಯಾದವು. 2022ರಲ್ಲಿ ಒಂದೂ ಇಲ್ಲ. ಇದರ ಹಿಂದೆ ರಾತ್ರಿಯಿಡೀ ಕೆಸರಿನಲ್ಲಿ ಗಸ್ತು ತಿರುಗುವ ಕೆಳದರ್ಜೆಯ ನೌಕರರಿದ್ದಾರೆ. ಬಂದೂಕಿನ ಕಾವಲಿಗೆ ಇನ್ನೊಂದು ಮುಖವೂ ಇದೆ. 2010ರಲ್ಲಿ ಅಸ್ಸಾಂ ಸರಕಾರ, ಕರ್ತವ್ಯದಲ್ಲಿ ಗುಂಡು ಹಾರಿಸಿದ ಅರಣ್ಯ ಸಿಬ್ಬಂದಿಯ ಮೇಲೆ ತನ್ನ ಅನುಮತಿಯಿಲ್ಲದೆ ಮೊಕದ್ದಮೆ ಹೂಡುವಂತಿಲ್ಲವೆಂದು ಆದೇಶಿಸಿತು. ಕಾಡಂಚಿನ ಹಳ್ಳಿಯಲ್ಲಿ ದನ ಹುಡುಕಿಕೊಂಡು ಒಳಗೆ ಕಾಲಿಟ್ಟವನ ಪಾಡನ್ನೂ ನೆನೆಯಬೇಕು. ಮೃಗಕ್ಕೆ ರಕ್ಷಣೆ ಬೇಕು, ನಿಜ. ಆ ಹಳ್ಳಿಯವರನ್ನು ಶತ್ರುಗಳಾಗಿಸಿಕೊಂಡು ಅದು ಬಹುಕಾಲ ನಡೆಯುವುದು ಕಷ್ಟ.

ಹಾಗಾದರೆ ಬೀಜವನ್ನು ಬೇರೆ ಕಣಜಗಳಿಗೂ ಹಂಚಬೇಡವೇ? ಪ್ರಯತ್ನ ನಡೆದಿದೆ. 1984ರಲ್ಲಿ ಅಸ್ಸಾಮಿನಿಂದ ಉತ್ತರ ಪ್ರದೇಶದ ದುಧವಾಕ್ಕೆ ಕೆಲವನ್ನು ಒಯ್ದರು. ಅಲ್ಲಿ ಅವು ಬಾಳಿಕೊಂಡಿವೆ. ಪೊಬಿತೋರಾ ಎಂಬಲ್ಲಿ ನಲವತ್ತು ಚದರ ಕಿಲೋಮೀಟರೂ ಇಲ್ಲದ ಜಾಗದಲ್ಲಿ ನೂರಕ್ಕೂ ಹೆಚ್ಚು ಖಡ್ಗಮೃಗಗಳು ಒತ್ತೊತ್ತಾಗಿವೆ. ಅಲ್ಲಿಂದ 2008ರಲ್ಲಿ ಎರಡು ಗಂಡುಗಳಿಗೆ ಅರಿವಳಿಕೆ ಕೊಟ್ಟು, ಲಾರಿಗೇರಿಸಿ ಮಾನಸಕ್ಕೆ ಸಾಗಿಸಿದರು. 2012ರ ಹೊತ್ತಿಗೆ ಕಾಜಿರಂಗದವೂ ಸೇರಿ ಹದಿನೆಂಟು ಹೋದವು. ಕೆಲವನ್ನು ಅಲ್ಲೂ ಬೇಟೆಗಾರರು ಹೊಡೆದರು. ಉಳಿದವು ಮರಿ ಹಾಕಿದವು. 2011ರಲ್ಲಿ ಮಾನಸ 'ಅಪಾಯದಲ್ಲಿರುವ ತಾಣ'ಗಳ ಪಟ್ಟಿಯಿಂದ ಹೊರಬಂದಿತ್ತು.

ಇನ್ನು ಲಾವೋಖೋವಾ.  2023ರಲ್ಲಿ, ಸುಮಾರು ನಲವತ್ತು ವರ್ಷಗಳ ಮೇಲೆ, ಎರಡು ಖಡ್ಗಮೃಗಗಳು ಲಾವೋಖೋವಾ ಮತ್ತು ಬುಢಾಚಾಪರಿಯ ಹುಲ್ಲಿನಲ್ಲಿ ಕಾಣಿಸಿಕೊಂಡವು. ತಾವಾಗಿಯೇ ನಡೆದು ಬಂದಿದ್ದವು.